ಪಿಸಿಆರ್‌ಗೂ ಮೊದಲು ಮಾದರಿ ತೆಗೆಯುವುದನ್ನು ಕಲಿಯಿರಿ

ಪ್ರಶ್ನೆ: ನಮಸ್ಕಾರ ಮೇಡಂ. ನಾನು ಹಾಸನ ಜಿಲ್ಲೆಯ ಹಳ್ಳಿಯವಳು. ಪಶುವೈದ್ಯಕೀಯ ಪದವಿಯಾದ ಬಿ.ವಿ.ಎಸ್ಸಿ.ಯ ಕೊನೆಯ ಹಂತದ ಇಂಟರ್ನ್‌ಶಿಪ್‌ನಲ್ಲಿದ್ದೇನೆ. ಪಶು ಆಹಾರ ಶಾಸ್ತ್ರದಲ್ಲಿ ಎಂ.ವಿ.ಎಸ್ಸಿ. ಮಾಡುವ ಆಸೆಯಿದೆ. ಆದರೆ ಪ್ರಾಯೋಗಿಕ ತರಗತಿಗಳಲ್ಲಿ ಒಂದು ಮೇಜಿಗೆ ಹತ್ತು ಹನ್ನೆರಡು ಮಂದಿ ಇರುತ್ತಿದ್ದೆವು. ಒಬ್ಬರು ಮಾಡುತ್ತಿದ್ದರು, ಉಳಿದವರು ನೋಡಿ ಬರೆದುಕೊಳ್ಳುತ್ತಿದ್ದೆವು. ಡಿಎನ್‌ಎಯನ್ನು ಹೆಚ್ಚಿಸಿ ನೋಡುವ ಪಿಸಿಆರ್, ಪ್ರತಿಕಾಯಗಳಂಥವನ್ನು ಬಣ್ಣದಿಂದ ಅಳೆಯುವ ಎಲೈಸಾ ಯಾವುದನ್ನೂ ಕೈಯಾರೆ ಮಾಡಿಲ್ಲ. ಇನ್ನು ಆರು ತಿಂಗಳಿದೆ. ಪ್ರಯೋಗಾಲಯದ ಕೆಲಸವನ್ನೂ ಸಂಶೋಧನೆಯ ಕ್ರಮವನ್ನೂ ಎಲ್ಲಿಂದ ಕಲಿಯಲು ಶುರುಮಾಡಲಿ? ಇನ್ನೊಂದು ಸಣ್ಣ ಪ್ರಶ್ನೆ. ನಾನು ಓದಿದ್ದು ಕನ್ನಡ ಮಾಧ್ಯಮದಲ್ಲಿ. ನೋಟ್‌ಬುಕ್ಕನ್ನು ಇಂಗ್ಲಿಷಿನಲ್ಲಿ ಬರೆಯಲು ಹೊರಟರೆ ಕಂಡದ್ದರಲ್ಲಿ ಅರ್ಧ ಬಿಟ್ಟುಹೋಗುತ್ತದೆ. ಕನ್ನಡದಲ್ಲಿ ಬರೆದರೆ ತಪ್ಪೇ?

ಉತ್ತರ: ಪಿಸಿಆರ್ ಮಾಡಿಲ್ಲವೆಂಬ ಚಿಂತೆಯನ್ನು ಸದ್ಯಕ್ಕೆ ಪಕ್ಕಕ್ಕಿಡಿ. ಪಿಪೆಟ್ (ದ್ರವವನ್ನು ಅಳೆದು ಎತ್ತಿ ಹಾಕುವ ಸಾಧನ) ಹಿಡಿದು ಕೈ ಪಳಗಿದವರಿಗೆ ಪಿಸಿಆರ್ ಎರಡು ವಾರದ ಕೆಲಸ. ಕೈ ಪಳಗದವರಿಗೆ ಎರಡು ವರ್ಷವಾದರೂ ಒಲಿಯುವುದಿಲ್ಲ. ಮೂವತ್ತು ವರ್ಷ ಪಶು ಆಹಾರ ಪ್ರಯೋಗಾಲಯದಲ್ಲಿ ವಿದ್ಯಾರ್ಥಿಗಳೊಂದಿಗೆ ಕಳೆದಿದ್ದೇನೆ. ಯಾರಾದರೂ ಒಂದು ಪರೀಕ್ಷೆ ತಮಗೆ ಬರುತ್ತದೆ ಎಂದರೆ ನಾನು ಕೇಳುತ್ತಿದ್ದದ್ದು ಒಂದೇ: ಅದು ಎಲ್ಲೆಲ್ಲಿ ತಪ್ಪುತ್ತದೆ, ಹೇಳಿ. ಇದಕ್ಕೆ ಉತ್ತರ ಕೊಡಬಲ್ಲವರಿಗೆ ಮಾತ್ರ ಆ ಪರೀಕ್ಷೆ ಬರುತ್ತದೆ. ಆದ್ದರಿಂದ ಆರು ತಿಂಗಳಲ್ಲಿ ಇಪ್ಪತ್ತು ವಿಧಾನಗಳನ್ನು ಮುಟ್ಟಿ ನೋಡುವ ಬದಲು ನಾಲ್ಕನ್ನು ಹಿಡಿದು, ಅವು ಯಾವಾಗ ಸುಳ್ಳು ಹೇಳುತ್ತವೆ ಎಂಬುದನ್ನು ತಿಳಿಯುವವರೆಗೆ ಬಿಡಬೇಡಿ.

ಹಳ್ಳಿಯವಳು ಎಂದಿರಿ. ಹಾಗಾದರೆ ನಿಮ್ಮ ಮೊದಲ ಪಾಠ ಮನೆಯಲ್ಲೇ ಆಗಿದೆ. ಹಾಲಿನ ಡೇರಿಯಲ್ಲಿ ಫ್ಯಾಟ್ ಎಷ್ಟು ಬಂತು ಎಂಬುದರ ಮೇಲೆ ಮನೆಗೆ ಬರುವ ದುಡ್ಡು ನಿಂತಿರುತ್ತದೆ. ಈಗ ಅಲ್ಲಿ ಯಂತ್ರ ಬಂದಿದೆ. ಹಿಂದೆ ಗರ್ಬರ್ ವಿಧಾನವಿತ್ತು: ಬ್ಯುಟಿರೋಮೀಟರ್ ಎಂಬ ಅಳತೆಗೆರೆಯ ಗಾಜಿನ ಕೊಳವೆಗೆ 10 ಮಿಲಿಲೀಟರ್ ಗಂಧಕಾಮ್ಲ, 10.75 ಮಿಲಿಲೀಟರ್ ಹಾಲು, 1 ಮಿಲಿಲೀಟರ್ ಅಮೈಲ್ ಆಲ್ಕೋಹಾಲ್ ಹಾಕಿ, ಕೊಬ್ಬು ಬೇರ್ಪಡುವಂತೆ ವೇಗವಾಗಿ ತಿರುಗಿಸುವುದು. ಯಂತ್ರವಿರಲಿ, ಗರ್ಬರ್ ಇರಲಿ, ಕ್ಯಾನಿನ ಹಾಲನ್ನು ಕಲಕದೆ ಮೇಲಿನಿಂದ ಮಾದರಿ ತೆಗೆದರೆ ಕೆನೆಯ ಪಾಲು ಹೆಚ್ಚು ಬಂದು ಅಂಕಿ ಏರುತ್ತದೆ. ಕರೆಯುವಾಗ ಮೊದಲ ಧಾರೆಯನ್ನಷ್ಟೇ ಹಿಡಿದು ಪರೀಕ್ಷಿಸಿದರೆ ಅದೇ ಹಸುವಿನ ಹಾಲು ತೆಳುವೆಂದು ತೋರುತ್ತದೆ, ಏಕೆಂದರೆ ಕೊಬ್ಬು ಹೆಚ್ಚಿರುವುದು ಕೊನೆಯ ಹಿಂಡಿನಲ್ಲಿ. ಯಂತ್ರ ಎರಡು ಸಲವೂ ಸರಿಯಾಗಿಯೇ ಅಳೆದಿರುತ್ತದೆ. ತಪ್ಪಿದ್ದು ಮಾದರಿ. ಪಶು ವಿಜ್ಞಾನದ ಪ್ರಯೋಗಾಲಯದಲ್ಲಿ ನಾನು ಕಂಡ ತಪ್ಪುಗಳಲ್ಲಿ ಹೆಚ್ಚಿನವು ಹೀಗೆ ಪ್ರಯೋಗಾಲಯದ ಬಾಗಿಲಿನ ಹೊರಗೇ ಆದವು.

ನನ್ನದೇ ಒಂದು ತಪ್ಪನ್ನು ಹೇಳುತ್ತೇನೆ. ಎಂ.ವಿ.ಎಸ್ಸಿ. ಮಾಡುವಾಗ ಹಸುಗಳಿಗೆ ನೇಪಿಯರ್ ಹುಲ್ಲು ತಿನ್ನಿಸಿ ಎಷ್ಟು ಒಣಾಂಶ ತಿನ್ನುತ್ತವೆ ಎಂದು ಲೆಕ್ಕ ಹಾಕುತ್ತಿದ್ದೆ. ಹುಲ್ಲಿನ ಮಾದರಿಯನ್ನು ಬಟ್ಟೆಯ ಚೀಲದಲ್ಲಿ ಕಟ್ಟಿ, ಸಂಜೆ ಬಸ್ಸಿನಲ್ಲಿ ತಂದು, ಮರುದಿನ ಬೆಳಿಗ್ಗೆ ತೂಗುತ್ತಿದ್ದೆ. ಎಳೆ ನೇಪಿಯರಿನಲ್ಲಿ ಒಣಾಂಶ ಶೇಕಡಾ 20ರ ಆಸುಪಾಸು, ಉಳಿದದ್ದು ನೀರು. ಒಂದು ಕಿಲೋ ಹುಲ್ಲು ರಾತ್ರಿಯಿಡೀ ಬಾಡಿ 770 ಗ್ರಾಮಿಗೆ ಇಳಿದಿರುತ್ತಿತ್ತು. ಅದರಲ್ಲಿದ್ದ 200 ಗ್ರಾಂ ಒಣಾಂಶ ಹಾಗೇ ಇತ್ತು, ಆದರೆ ನನ್ನ ಲೆಕ್ಕದಲ್ಲಿ ಶೇಕಡಾ 20 ಹೋಗಿ 26 ಆಯಿತು. ಹಸು 25 ಕಿಲೋ ಹಸಿ ಹುಲ್ಲು ತಿಂದರೆ ಅದಕ್ಕೆ ಸಿಕ್ಕಿದ್ದು 5 ಕಿಲೋ ಒಣಾಂಶ; ನಾನು ಬರೆದದ್ದು ಆರೂವರೆ ಕಿಲೋ. ಒಂದು ವಾರದ ಅಂಕಿಗಳನ್ನೆಲ್ಲ ಹೊಡೆದುಹಾಕಿ ಮತ್ತೆ ಮೊದಲಿನಿಂದ ಮಾಡಬೇಕಾಯಿತು. ಅಂದಿನಿಂದ ನನ್ನ ವಿದ್ಯಾರ್ಥಿಗಳು ತಕ್ಕಡಿಯನ್ನು ಹೊಲಕ್ಕೇ ಹೊತ್ತುಕೊಂಡು ಹೋಗುತ್ತಿದ್ದರು. ಕೊಯ್ದ ಜಾಗದಲ್ಲೇ ತೂಕ, ಅಲ್ಲೇ ಚೀಟಿ.

ಹಿಂಡಿ, ಬೂಸಾದಂಥ ಒಣ ಆಹಾರಕ್ಕೆ ಬೇರೆ ಕ್ರಮವಿದೆ. ಒಂದೇ ಚೀಲದ ಬಾಯಿಂದ ಒಂದು ಹಿಡಿ ತೆಗೆಯಬಾರದು. ಸಾಗಿಸುವಾಗ ಅಲುಗಾಡಿ ನುಣ್ಣನೆಯದು ಕೆಳಗಿಳಿದಿರುತ್ತದೆ, ದಪ್ಪದ್ದು ಮೇಲೆ ನಿಂತಿರುತ್ತದೆ. ಹಲವು ಚೀಲಗಳಿಂದ, ಮೇಲೆ ನಡು ಕೆಳಗೆ ಮೂರೂ ಕಡೆಯಿಂದ ತೆಗೆದು, ಹಾಳೆಯ ಮೇಲೆ ಗೋಪುರದಂತೆ ರಾಶಿ ಮಾಡಿ, ತಟ್ಟಿ ಚಪ್ಪಟೆಯಾಗಿಸಿ, ನಾಲ್ಕು ಭಾಗ ಮಾಡಬೇಕು. ಎದುರುಬದುರಿನ ಎರಡು ಭಾಗ ಉಳಿಸಿಕೊಂಡು ಮಿಕ್ಕದ್ದನ್ನು ಬಿಡಬೇಕು. ಬೇಕಾದಷ್ಟು ಸಣ್ಣ ಮಾದರಿಯಾಗುವವರೆಗೆ ಹೀಗೇ ಮುಂದುವರಿಸಬೇಕು. ಕಣದಲ್ಲಿ ರಾಗಿ ರಾಶಿ ಕಂಡ ಕೈಗಳಿಗೆ ಇದು ಹೊಸದಲ್ಲ. ಇದಕ್ಕೆ ಯಾವ ಯಂತ್ರವೂ ಬೇಡ. ನಾಳೆಯೇ ಮನೆಯ ಹಿಂಡಿ ಚೀಲದ ಮೇಲೆ ಮಾಡಿ ನೋಡಬಹುದು.

ಇನ್ನು ಪಿಪೆಟ್. ಇದಕ್ಕೊಂದು ಅಭ್ಯಾಸವಿದೆ, ಬಹಳ ಮಂದಿ ಮಾಡುವುದಿಲ್ಲ. ಮಾಡಿದವರ ಕೈ ಒಂದೇ ವಾರದಲ್ಲಿ ಬದಲಾಗುತ್ತದೆ. ಮೂರು ನಾಲ್ಕು ದಶಮಾಂಶದವರೆಗೆ ತೋರಿಸುವ ತಕ್ಕಡಿಯ ಮೇಲೆ ಸಣ್ಣ ಬೀಕರ್ ಇಟ್ಟು ಸೊನ್ನೆ ಮಾಡಿ. 1000 ಮೈಕ್ರೋಲೀಟರ್ (ಅಂದರೆ ಒಂದು ಮಿಲಿಲೀಟರ್) ಭಟ್ಟಿ ಇಳಿಸಿದ ನೀರನ್ನು ಹಾಕಿ ತೂಕ ಬರೆಯಿರಿ. ಕೋಣೆಯ ಉಷ್ಣತೆ 20 ಡಿಗ್ರಿಯಾದರೆ 0.998 ಗ್ರಾಂ ಬರಬೇಕು. ಹತ್ತು ಸಲ ಮಾಡಿ. ಮೊದಲ ದಿನ ಅಂಕಿಗಳು ಕುಣಿಯುತ್ತವೆ. ಯಾಕೆಂದು ಹುಡುಕಿ. ಗುಂಡಿಯನ್ನು ಥಟ್ಟನೆ ಬಿಟ್ಟರೆ ಒಳಗೆ ಗಾಳಿ ಸೇರುತ್ತದೆ. ತುದಿಯನ್ನು ಆಳಕ್ಕೆ ಅದ್ದಿದರೆ ಹೊರಮೈಗೆ ಹನಿ ಅಂಟಿ ಬರುತ್ತದೆ. ಮೊದಲ ನಿಲುಗಡೆ ಬಿಟ್ಟು ಎರಡನೆಯದರವರೆಗೆ ಒತ್ತಿ ಎಳೆದುಕೊಂಡರೆ ಹೆಚ್ಚು ಬರುತ್ತದೆ. ಹೊಸ ತುದಿಯನ್ನು ಒಂದೆರಡು ಸಲ ಅದೇ ದ್ರವದಲ್ಲಿ ತೊಯ್ಸದಿದ್ದರೆ ಮೊದಲ ಅಳತೆ ಕಡಿಮೆ ಬೀಳುತ್ತದೆ. ಹತ್ತು ತೂಕಗಳ ಸರಾಸರಿ ಸರಿಯಿದ್ದು ಅವುಗಳ ಏರಿಳಿತ ಸರಾಸರಿಯ ಶೇಕಡಾ ಒಂದರೊಳಗೆ ಬಂದ ದಿನ 100ಕ್ಕೆ ಇಳಿಯಿರಿ, ಆಮೇಲೆ 10ಕ್ಕೆ. ರಕ್ತರಸದಂಥ ಅಂಟುದ್ರವ ಇನ್ನೂ ಕಷ್ಟ. ಎಲೈಸಾ ತಟ್ಟೆಯಲ್ಲಿ ಒಂದೇ ಮಾದರಿಯ ಎರಡು ಗುಳಿಗಳು ಎರಡು ಉತ್ತರ ಕೊಟ್ಟರೆ ಕಿಟ್ಟನ್ನು ದೂರುವ ಮುನ್ನ ನಿಮ್ಮ ಹೆಬ್ಬೆರಳನ್ನು ವಿಚಾರಿಸಿಕೊಳ್ಳಿ.

ನೀವು ಪಶು ಆಹಾರ ಶಾಸ್ತ್ರಕ್ಕೆ ಬರುವವರು, ಕೆಲ್ಡಾಲ್ ವಿಧಾನದಲ್ಲಿ ಕಚ್ಚಾ ಪ್ರೋಟೀನ್ ಅಳೆಯುವುದನ್ನು ಬಿಡುವಂತಿಲ್ಲ. ಕೋಪನ್‌ಹೇಗನ್‌ನ ಕಾರ್ಲ್ಸ್‌ಬರ್ಗ್ ಪ್ರಯೋಗಾಲಯದಲ್ಲಿ ಯೋಹಾನ್ ಕೆಲ್ಡಾಲ್ 1883ರಲ್ಲಿ ಪ್ರಕಟಿಸಿದ ವಿಧಾನ ಇವತ್ತಿಗೂ ನಡೆಯುತ್ತಿದೆ. ಮಾದರಿಯನ್ನು ಪ್ರಬಲ ಗಂಧಕಾಮ್ಲದಲ್ಲಿ ಕುದಿಸಿ ಸಾರಜನಕವನ್ನೆಲ್ಲ ಅಮೋನಿಯಂ ರೂಪಕ್ಕೆ ತರುವುದು, ಕ್ಷಾರ ಹಾಕಿ ಭಟ್ಟಿ ಇಳಿಸಿ ಅಮೋನಿಯಾ ಹೊರಡಿಸಿ ಬೋರಿಕ್ ಆಮ್ಲದಲ್ಲಿ ಹಿಡಿಯುವುದು, ಟೈಟ್ರೇಷನ್ ಮಾಡಿ, ಅಂದರೆ ಆಮ್ಲವನ್ನು ಹನಿಹನಿಯಾಗಿ ಹಾಕಿ, ಅಳೆಯುವುದು. ಪ್ರೋಟೀನಿನಲ್ಲಿ ಸರಾಸರಿ ಶೇಕಡಾ 16 ಸಾರಜನಕವೆಂದು ಹಿಡಿದು 6.25ರಿಂದ ಗುಣಿಸುತ್ತೇವೆ. ಎಲ್ಲರೂ ಇಷ್ಟನ್ನು ಕಂಠಪಾಠ ಮಾಡಿರುತ್ತಾರೆ. ಆದರೆ ಇಲ್ಲಿ ಅಳೆದದ್ದು ಸಾರಜನಕ. ಪ್ರೋಟೀನ್ ಎಂಬುದು ನಮ್ಮ ಊಹೆ. ಒಮ್ಮೆ ಕಡಲೆಕಾಯಿ ಹಿಂಡಿಯೆಂದು ಒಂದು ಮಾದರಿ ಬಂತು. ಒಳ್ಳೆಯ ಹಿಂಡಿಯಲ್ಲಿ ಕಚ್ಚಾ ಪ್ರೋಟೀನ್ ಶೇಕಡಾ 40ರಿಂದ 45ರಷ್ಟಿರುತ್ತದೆ, ಇದರಲ್ಲಿ 56 ಬಂದಿತ್ತು. ಮಾಡಿದ ಹುಡುಗ ಸಂಭ್ರಮದಿಂದ ತಂದು ತೋರಿಸಿದ. ಯೂರಿಯಾ ನೋಡಿದೆಯಾ ಎಂದು ಕೇಳಿದೆ. ಯೂರಿಯಾದಲ್ಲಿ ಶೇಕಡಾ 46 ಸಾರಜನಕವಿದೆ. 6.25ರಿಂದ ಗುಣಿಸಿದರೆ ಅದರ ‘ಪ್ರೋಟೀನ್’ ಶೇಕಡಾ 287! ನೂರು ಕಿಲೋ ಹಿಂಡಿಯಲ್ಲಿ ಐದು ಕಿಲೋ ಯೂರಿಯಾ ಸೇರಿದ್ದರೆ ಅದೊಂದೇ 14 ಅಂಶ ಏರಿಸುತ್ತದೆ. ಪರೀಕ್ಷಿಸಿದಾಗ ಯೂರಿಯಾ ಇದ್ದೇ ಇತ್ತು. 2008ರಲ್ಲಿ ಚೀನಾದಲ್ಲಿ ಮಕ್ಕಳ ಹಾಲಿನ ಪುಡಿಗೆ ಸಾರಜನಕ ಹೇರಳವಾಗಿರುವ ಮೆಲಮೈನ್ ಬೆರೆಸಿದವರು ಬಳಸಿಕೊಂಡದ್ದು ಇದೇ ಬಿರುಕನ್ನು. ಸುಮಾರು ಮೂರು ಲಕ್ಷ ಮಕ್ಕಳು ಅದರಿಂದ ಕಾಯಿಲೆಬಿದ್ದರು. ಅಂಕಿ ಚೆನ್ನಾಗಿ ಬಂದಾಗಲೇ ಹೆಚ್ಚು ಅನುಮಾನಿಸುವ ಬುದ್ಧಿ ಪಶು ಆಹಾರ ತಜ್ಞರಿಗೆ ಇರಲೇಬೇಕು.

ಕೆಲ್ಡಾಲ್‌ನಲ್ಲಿ ಕೈ ಸರಿಯಿದೆಯೇ ಎಂದು ತಿಳಿಯಲು ದಾರಿಯಿದೆ. ಪ್ರತಿ ಸರದಿಯಲ್ಲೂ ಮಾದರಿಯಿಲ್ಲದ ಒಂದು ಬ್ಲ್ಯಾಂಕ್ ಇಡಿ. ಶುದ್ಧ ಅಮೋನಿಯಂ ಸಲ್ಫೇಟಿನಲ್ಲಿ ಶೇಕಡಾ 21.2 ಸಾರಜನಕವಿದೆ, ಅದನ್ನು ಹಾಕಿ ಅಷ್ಟೇ ಬಂದರೆ ಭಟ್ಟಿ ಇಳಿಸುವ ಹಂತ ಸರಿಯಿದೆ. ಆದರೆ ಅದು ಮೊದಲೇ ಅಮೋನಿಯಂ ರೂಪದಲ್ಲಿರುವುದರಿಂದ ಕುದಿಸುವ ಹಂತದ ಬಗ್ಗೆ ಏನೂ ಹೇಳುವುದಿಲ್ಲ. ಅದಕ್ಕೆ ಲೈಸಿನ್ ಅಥವಾ ಟ್ರಿಪ್ಟೋಫಾನ್ ಹಾಕಿ ನೋಡಬೇಕು. ಈ ವ್ಯತ್ಯಾಸ ಗೊತ್ತಿರುವ ವಿದ್ಯಾರ್ಥಿ ಸಂದರ್ಶನಕ್ಕೆ ಬಂದರೆ ನಾನಂತೂ ಬೇರೆ ಪ್ರಶ್ನೆ ಕೇಳುವುದಿಲ್ಲ. ಒಣಾಂಶ, ಬೂದಿ, ಸಾಕ್ಸ್‌ಲೆಟ್ ಉಪಕರಣದಲ್ಲಿ ಕೊಬ್ಬು ಇವೆಲ್ಲ ತಾಳ್ಮೆಯ ಕೆಲಸಗಳು, ಹೆಚ್ಚು ಹೇಳುವುದಿಲ್ಲ. ಬಿಸಿ ಕ್ರೂಸಿಬಲ್ಲನ್ನು (ಮಾದರಿ ಸುಡುವ ಬಟ್ಟಲು) ತಕ್ಕಡಿಗೆ ಇಡಬೇಡಿ. ಮೇಲೇಳುವ ಬಿಸಿಗಾಳಿ ತೂಕ ಕಡಿಮೆ ತೋರಿಸುತ್ತದೆ. ಮಾದರಿಯನ್ನು ತೇವ ತಾಗದಂತೆ ಇಡುವ ಡೆಸಿಕೇಟರಿನ ನೀಲಿ ಸಿಲಿಕಾ ಗುಲಾಬಿಯಾಗಿದ್ದರೆ ಅದು ಕೆಲಸ ಮಾಡುತ್ತಿಲ್ಲ.

ಇಂಟರ್ನ್‌ಶಿಪ್‌ನಲ್ಲಿ ದಿನವೂ ಕೈಗೆ ಸಿಗುವುದು ರಕ್ತ ಮತ್ತು ಸಗಣಿ. ಈ ಅವಕಾಶ ಮುಂದೆ ಸಿಗುವುದಿಲ್ಲ. ಹಾಲು ಜ್ವರದ (ರಕ್ತದಲ್ಲಿ ಕ್ಯಾಲ್ಸಿಯಂ ಕುಸಿಯುವ ಕಾಯಿಲೆ) ಅನುಮಾನವಿರುವ ಹಸುವಿನ ರಕ್ತವನ್ನು ನೇರಳೆ ಮುಚ್ಚಳದ ಟ್ಯೂಬಿನಲ್ಲಿ ತೆಗೆದು ಕ್ಯಾಲ್ಸಿಯಂ ಪರೀಕ್ಷೆಗೆ ಕಳಿಸಿದರೆ ಏನಾಗುತ್ತದೆ? ಆ ಟ್ಯೂಬಿನಲ್ಲಿರುವ ಇಡಿಟಿಎ ಎಂಬ ರಾಸಾಯನಿಕ ರಕ್ತ ಹೆಪ್ಪುಗಟ್ಟದಂತೆ ತಡೆಯುವುದೇ ಕ್ಯಾಲ್ಸಿಯಂ ಅನ್ನು ಹಿಡಿದಿಟ್ಟುಕೊಂಡು. ಆರೋಗ್ಯವಂತ ಹಸುವಿನ ಕ್ಯಾಲ್ಸಿಯಂ ಕೂಡ ಪಾತಾಳಕ್ಕೆ ಇಳಿದಂತೆ ಕಾಣುತ್ತದೆ. ಗ್ಲೂಕೋಸ್ ಬೇಕಿದ್ದರೆ ಫ್ಲೋರೈಡ್ ಇರುವ ಬೂದು ಮುಚ್ಚಳದ ಟ್ಯೂಬೇ ಆಗಬೇಕು, ಇಲ್ಲವಾದರೆ ಟ್ಯೂಬಿನೊಳಗೂ ರಕ್ತಕಣಗಳು ಗ್ಲೂಕೋಸ್ ಕರಗಿಸುತ್ತಲೇ ಇರುತ್ತವೆ. ಯಾವ ಮುಚ್ಚಳ ಯಾವುದಕ್ಕೆ ಎಂದು ಪಟ್ಟಿ ಬಾಯಿಪಾಠ ಮಾಡುವ ಬದಲು ಒಳಗಿನ ರಾಸಾಯನಿಕ ಏನು ಮಾಡುತ್ತದೆ ಎಂದು ತಿಳಿದುಕೊಳ್ಳಿ. ಪಟ್ಟಿ ತಾನಾಗಿ ನೆನಪಿರುತ್ತದೆ.

ರಕ್ತಲೇಪವನ್ನು ದಿನಕ್ಕೆ ಐದಾದರೂ ಎಳೆಯಿರಿ. ಕಿವಿಯ ಅಂಚಿನ ಸಣ್ಣ ರಕ್ತನಾಳದಿಂದ ಬಂದ ಮೊದಲ ಹನಿ, ಜಿಡ್ಡಿಲ್ಲದ ಸ್ಲೈಡು, ಮೂವತ್ತರಿಂದ ನಲವತ್ತೈದು ಡಿಗ್ರಿ ಓರೆಯಲ್ಲಿ ಒಂದೇ ಉಸಿರಿನ ತಳ್ಳು. ಗಾಳಿಯಲ್ಲಿ ಒಣಗಿಸಿ, ಮೆಥನಾಲಿನಲ್ಲಿ ಸ್ಥಿರಗೊಳಿಸಿ, ಗೀಮ್ಸಾ ಬಣ್ಣ ಹಾಕಿ. ಹೊಸಬರು ಎಡವುವುದು ಇಲ್ಲಿ: ಕೆಂಪು ರಕ್ತಕಣದ ಅಂಚಿನಲ್ಲಿ ಕಪ್ಪು ಚುಕ್ಕೆ ಕಂಡ ಕೂಡಲೇ ಅನಾಪ್ಲಾಸ್ಮಾ ರೋಗಾಣು ಎಂದು ಬರೆದುಬಿಡುತ್ತಾರೆ. ಸೂಕ್ಷ್ಮದರ್ಶಕದ ಸೂಕ್ಷ್ಮ ಹೊಂದಾಣಿಕೆಯ ತಿರುಪನ್ನು ಕೂದಲೆಳೆಯಷ್ಟು ಆಚೀಚೆ ತಿರುಗಿಸಿ. ರಕ್ತಕಣ ಸ್ಪಷ್ಟವಿರುವಾಗಲೇ ಚುಕ್ಕೆಯೂ ಸ್ಪಷ್ಟವಿದ್ದರೆ ಅದು ಕಣದೊಳಗಿದೆ. ಕಣ ಮಸುಕಾದ ಮೇಲೆ ಚುಕ್ಕೆ ಹೊಳೆದು ನಿಂತರೆ ಅದು ಮೇಲೆ ಬಿದ್ದ ಬಣ್ಣದ ಕಸ. ಬಣ್ಣವನ್ನು ಸೋಸದೆ ಬಳಸಿದ್ದೀರಿ ಎಂದು ಅರ್ಥ. ಸಗಣಿಯಲ್ಲಿ ಜಂತುಹುಳುವಿನ ಮೊಟ್ಟೆ ಎಣಿಸಲು ಮೆಕ್‌ಮಾಸ್ಟರ್ ವಿಧಾನ ಕಲಿಯಿರಿ. 3 ಗ್ರಾಂ ಸಗಣಿ, 42 ಮಿಲಿಲೀಟರ್ ಉಪ್ಪಿನ ತುಂಬುದ್ರಾವಣ. ಮೆಕ್‌ಮಾಸ್ಟರ್ ಸ್ಲೈಡಿನ ಎರಡೂ ಚೌಕಗಳಲ್ಲಿ ಕಂಡ ಮೊಟ್ಟೆಗಳನ್ನು 50ರಿಂದ ಗುಣಿಸಿದರೆ ಗ್ರಾಮಿಗೆ ಎಷ್ಟೆಂದು ಸಿಗುತ್ತದೆ. ಯಾಕೆ 50 ಎಂದು ನೀವೇ ಲೆಕ್ಕ ಮಾಡಿ: ಒಟ್ಟು ದ್ರವ 45 ಮಿಲಿಲೀಟರ್, ನೀವು ನೋಡಿದ್ದು 0.3. ಒಂದೂ ಮೊಟ್ಟೆ ಕಾಣದಿದ್ದರೆ ಸೊನ್ನೆ ಎನ್ನಬೇಡಿ. ಈ ವಿಧಾನಕ್ಕೆ ಐವತ್ತಕ್ಕಿಂತ ಕಡಿಮೆಯದು ಕಾಣಿಸದೇ ಹೋಗಬಹುದು.

ಜೀವದ ವಿಷಯದಲ್ಲಿ ಕಠಿಣವಾಗಿಯೇ ಹೇಳುತ್ತೇನೆ. ಕಂದು ಹಾಕಿದ (ಗರ್ಭಪಾತವಾದ) ಹಸುವಿನ ಮಾಸನ್ನು ಬರಿಗೈಯಲ್ಲಿ ಮುಟ್ಟಬೇಡಿ. ಬ್ರುಸೆಲ್ಲಾ ರೋಗಾಣು ತಗುಲಿ ತಿಂಗಳುಗಟ್ಟಲೆ ಜ್ವರದಲ್ಲಿ ನರಳಿದ ಪಶುವೈದ್ಯರನ್ನು ನಾನು ಬಲ್ಲೆ. ದನ ಹಠಾತ್ತನೆ ಸತ್ತು, ಮೂಗು ಬಾಯಿಗಳಿಂದ ಹೆಪ್ಪುಗಟ್ಟದ ರಕ್ತ ಸುರಿದಿದ್ದರೆ ಆಂಥ್ರಾಕ್ಸ್ ರೋಗವೆಂದೇ ತಿಳಿದು ಆ ದೇಹವನ್ನು ಕೊಯ್ಯಲೇಬಾರದು. ಕೊಯ್ದರೆ ಒಳಗಿನ ರೋಗಾಣುಗಳು ಗಾಳಿ ತಾಗಿ ಬೀಜಾಣುಗಳಾಗಿ ಆ ಮಣ್ಣಿನಲ್ಲಿ ದಶಕಗಳ ಕಾಲ ಉಳಿಯುತ್ತವೆ. ಲ್ಯಾಮಿನಾರ್ ಫ್ಲೋ (ಸೋಸಿದ ಗಾಳಿ ಬೀಸುವ ಪೆಟ್ಟಿಗೆಯಂಥ ಮೇಜು) ನಿಮ್ಮ ಮಾದರಿಯನ್ನು ಕಾಪಾಡುತ್ತದೆ, ನಿಮ್ಮನ್ನಲ್ಲ. ರೋಗಾಣುವಿನ ಕೆಲಸಕ್ಕೆ ಜೈವಿಕ ಸುರಕ್ಷತಾ ಕ್ಯಾಬಿನೆಟ್ಟೇ ಬೇಕು. ಎರಡೂ ನೋಡಲು ಒಂದೇ ಥರ ಇರುವುದರಿಂದ ಕೇಳಿ ಖಚಿತಪಡಿಸಿಕೊಳ್ಳದೆ ಕೂರಬೇಡಿ.

ಸಂಶೋಧನೆಯ ಕ್ರಮದ ಬಗ್ಗೆ ಕೇಳಿದ್ದೀರಿ. ಪ್ರಬಂಧಗಳಲ್ಲಿ ನಾನು ಮತ್ತೆ ಮತ್ತೆ ಕಂಡು ನೊಂದ ತಪ್ಪೊಂದಿದೆ. ನಲವತ್ತು ಬಂಡೂರು ಕುರಿಮರಿಗಳನ್ನು ಎರಡು ದೊಡ್ಡಿಗಳಲ್ಲಿ ಇಪ್ಪತ್ತಿಪ್ಪತ್ತರಂತೆ ಕೂಡಿ, ಒಂದಕ್ಕೆ ಹೊಸ ಮೇವು, ಇನ್ನೊಂದಕ್ಕೆ ಹಳೆಯದು ಕೊಡುತ್ತಾರೆ. ಮೂರು ತಿಂಗಳ ಮೇಲೆ ಗುಂಪಿಗೆ ಇಪ್ಪತ್ತು ಎಂದು ಹಿಡಿದು ಲೆಕ್ಕ ಮಾಡುತ್ತಾರೆ. ಮೇವನ್ನು ಕೊಟ್ಟದ್ದು ದೊಡ್ಡಿಗೆ. ಒಂದು ದೊಡ್ಡಿಯಲ್ಲಿ ತೇವ ಹೆಚ್ಚಿದ್ದರೆ, ಜಂತು ಹೆಚ್ಚಿದ್ದರೆ ಇಪ್ಪತ್ತೂ ಮರಿಗಳು ಒಟ್ಟಿಗೆ ಸೊರಗುತ್ತವೆ. ನಿಜವಾದ ಎಣಿಕೆ ಗುಂಪಿಗೆ ಒಂದೇ ಒಂದು. ಇದನ್ನು ಕೊನೆಯಲ್ಲಿ ಯಾವ ಸಾಫ್ಟ್‌ವೇರೂ ಸರಿಮಾಡಲಾರದು. ಮೊದಲೇ ಮರಿಗಳನ್ನು ಬೇರೆ ಬೇರೆ ಕಟ್ಟಿ ತಿನ್ನಿಸಬೇಕು, ಇಲ್ಲವೇ ಸಣ್ಣ ಸಣ್ಣ ಹಲವು ದೊಡ್ಡಿ ಮಾಡಬೇಕು. ಗುಂಪು ವಿಂಗಡಿಸುವಾಗಲೂ ಎಚ್ಚರ ಬೇಕು. ಕೈಗೆ ಸಿಕ್ಕ ಮೊದಲ ಇಪ್ಪತ್ತನ್ನು ಒಂದು ಗುಂಪೆಂದರೆ ಓಡಲಾರದ ಬಡಕಲು ಮರಿಗಳೆಲ್ಲ ಅದರಲ್ಲಿ ಸೇರುತ್ತವೆ. ತೂಕದ ಪ್ರಕಾರ ಜೋಡಿ ಮಾಡಿ, ಪ್ರತಿ ಜೋಡಿಯಲ್ಲೂ ಚೀಟಿ ಎತ್ತಿ. ಸಂಖ್ಯಾಶಾಸ್ತ್ರಕ್ಕೆ ‘ಆರ್’ ಎಂಬ ಉಚಿತ ತಂತ್ರಾಂಶ ಸಾಕು, ಆದರೆ ಸಂಖ್ಯಾಶಾಸ್ತ್ರಜ್ಞರ ಬಳಿ ಹೋಗಬೇಕಾದದ್ದು ಪ್ರಯೋಗ ಶುರುವಾಗುವ ಮುನ್ನ.

ಪ್ರಾಣಿಗಳ ಮೇಲಿನ ಪ್ರಯೋಗಕ್ಕೆ ಸಂಸ್ಥೆಯ ಪ್ರಾಣಿ ನೈತಿಕ ಸಮಿತಿಯ ಅನುಮತಿ ಬೇಕು. 1960ರ ಪ್ರಾಣಿಹಿಂಸೆ ತಡೆ ಕಾಯಿದೆ ಇದರ ಬುಡ. ಅರ್ಜಿಯನ್ನು ಬರಿಯ ಕಾಗದವೆಂದು ಎಣಿಸಬೇಡಿ. ಎಷ್ಟು ಪ್ರಾಣಿ ಬೇಕು, ಅಷ್ಟೇ ಯಾಕೆ ಬೇಕು ಎಂದು ಅಲ್ಲಿ ಬರೆಯಬೇಕಾಗುತ್ತದೆ. ದೊಡ್ಡಿಯ ಲೆಕ್ಕ ತಪ್ಪಿದರೆ ನಲವತ್ತು ಮರಿಗಳ ತ್ರಾಸ ಯಾವ ಉಪಯೋಗಕ್ಕೂ ಬಾರದೆ ಹೋಗುತ್ತದೆ.

ಪಿಸಿಆರ್ ಬಗ್ಗೆ ಇಷ್ಟೇ. ಪ್ರತಿ ಸಲವೂ ಡಿಎನ್‌ಎ ಹಾಕದ ಒಂದು ಟ್ಯೂಬ್ ಇಡಿ. ಅದರಲ್ಲೂ ಡಿಎನ್‌ಎ ಇದೆಯೆಂದು ತೋರಿಸುವ ಗೆರೆ ಮೂಡಿದರೆ ಆ ದಿನದ ಫಲಿತಾಂಶವನ್ನೆಲ್ಲ ಬಿಟ್ಟುಬಿಡಿ, ಎಷ್ಟೇ ಹೊಟ್ಟೆ ಉರಿದರೂ. ಮಿಶ್ರಣ ಸಿದ್ಧಮಾಡುವ ಜಾಗಕ್ಕೂ ಪಿಸಿಆರ್ ಮುಗಿದ ಟ್ಯೂಬ್ ತೆರೆಯುವ ಜಾಗಕ್ಕೂ ದೂರವಿರಲಿ. ಉಳಿದದ್ದನ್ನು ವಿಭಾಗಕ್ಕೆ ಸೇರಿದ ಮೇಲೆ ಯಾರಾದರೂ ಹಿರಿಯ ವಿದ್ಯಾರ್ಥಿಯ ಪಕ್ಕ ನಿಂತು ಕಲಿಯುತ್ತೀರಿ.

ಬೆಂಗಳೂರಿಗೆ ಬರುವ ಸಂದರ್ಭವಿದ್ದರೆ ಆಡುಗೋಡಿಯಲ್ಲಿ ರಾಷ್ಟ್ರೀಯ ಪಶು ಪೋಷಣೆ ಮತ್ತು ಶರೀರಕ್ರಿಯಾ ಸಂಸ್ಥೆ ಇದೆ. ಹೆಬ್ಬಾಳದಲ್ಲಿ 1958ರಲ್ಲಿ ಶುರುವಾದ ಪಶುವೈದ್ಯಕೀಯ ಕಾಲೇಜೂ, ಲಸಿಕೆ ತಯಾರಿಸುವ ಪಶು ಆರೋಗ್ಯ ಮತ್ತು ಜೈವಿಕ ಸಂಸ್ಥೆಯೂ ಇವೆ. ಮುಂಚಿತವಾಗಿ ಪತ್ರ ಬರೆದು, ಇಂಥ ಒಂದು ಕೆಲಸವನ್ನು ನೋಡಬೇಕು ಎಂದು ನಿರ್ದಿಷ್ಟವಾಗಿ ಕೇಳಿ. ಎಲ್ಲವನ್ನೂ ತೋರಿಸಿ ಎಂದವರಿಗೆ ಕಾರಿಡಾರ್ ಮಾತ್ರ ತೋರಿಸಿ ಕಳಿಸುತ್ತಾರೆ. ಕೃಷಿ ಮತ್ತು ಪಶುವೈದ್ಯಕೀಯ ವಿಶ್ವವಿದ್ಯಾಲಯಗಳ ಪ್ರಬಂಧಗಳು ‘ಕೃಷಿಕೋಶ’ ಜಾಲತಾಣದಲ್ಲಿ ಸಿಗುತ್ತವೆ. ನಿಮ್ಮ ವಿಷಯದ ಎರಡು ಪ್ರಬಂಧ ತೆಗೆದು, ಫಲಿತಾಂಶ ಬಿಟ್ಟು ವಿಧಾನದ ಅಧ್ಯಾಯ ಮಾತ್ರ ಓದಿ. ಅದನ್ನೇ ಹಿಡಿದು ನೀವು ಆ ಪ್ರಯೋಗವನ್ನು ಮತ್ತೆ ಮಾಡಬಲ್ಲಿರಾ? ಎಲ್ಲಿ ತಡವರಿಸುತ್ತೀರೋ ಅಲ್ಲಿ ಗೆರೆ ಎಳೆಯಿರಿ. ಮತ್ತೆ, ಯಾವ ವಿಭಾಗಕ್ಕೆ ಹೋದರೂ ಪ್ರಯೋಗಾಲಯದ ಸಹಾಯಕರ ಸ್ನೇಹ ಮಾಡಿ. ಯಾವ ಓವನ್ ಹೇಳಿದ್ದಕ್ಕಿಂತ ಐದು ಡಿಗ್ರಿ ಹೆಚ್ಚು ಕಾಯುತ್ತದೆ ಎಂದು ಪ್ರಾಧ್ಯಾಪಕರಿಗೆ ಗೊತ್ತಿಲ್ಲದಿದ್ದರೂ ಅವರಿಗೆ ಗೊತ್ತಿರುತ್ತದೆ.

ಕೊನೆಗೆ ನೋಟ್‌ಬುಕ್ಕು. ನೀವು ಸಣ್ಣ ಪ್ರಶ್ನೆ ಎಂದಿರಿ, ನನಗೆ ಅದು ದೊಡ್ಡದಾಗಿ ಕಂಡಿತು. ಕನ್ನಡದಲ್ಲಿ ಬರೆಯಿರಿ. ‘ಸಗಣಿ ನಿನ್ನೆ ಗಟ್ಟಿಯಿತ್ತು, ಇವತ್ತು ಅಂಬಲಿಯಂತಿದೆ, ಬಾಲಕ್ಕೆ ಮೆತ್ತಿದೆ, ಹುಳಿ ವಾಸನೆ’ ಎಂದು ನೀವು ಬರೆಯಬಲ್ಲಿರಾದರೆ, ಅದು ಹೊಟ್ಟೆಯ ಆಮ್ಲತೆ ಏರುತ್ತಿರುವುದರ ಮೊದಲ ದಾಖಲೆ. ಅದನ್ನೇ ಇಂಗ್ಲಿಷಿಗೆ ತಿರುಗಿಸಲು ತಿಣುಕಿ ‘ಸಗಣಿ ಅಸಹಜ’ ಎಂದಷ್ಟೇ ಬರೆದರೆ ಮೂರು ತಿಂಗಳ ಮೇಲೆ ನಿಮಗೇ ಏನೂ ಹೊಳೆಯುವುದಿಲ್ಲ. ಅಳತೆಯ ಏಕಮಾನ, ರಾಸಾಯನಿಕದ ಹೆಸರು, ಬ್ಯಾಚ್ ಸಂಖ್ಯೆ, ಕೋಷ್ಟಕದ ತಲೆಬರಹ ಇವು ಮಾತ್ರ ವಿಭಾಗದಲ್ಲಿ ಎಲ್ಲರೂ ಓದುವ ರೂಪದಲ್ಲಿರಲಿ. ನಿಮ್ಮ ಮಾರ್ಗದರ್ಶಕರು ಕನ್ನಡ ಓದದವರಾದರೆ ವಾರಕ್ಕೊಮ್ಮೆ ಒಂದು ಪುಟದ ಇಂಗ್ಲಿಷ್ ಸಾರಾಂಶ ಅಂಟಿಸಿ. ಪೆನ್ನಿನಲ್ಲೇ ಬರೆಯಿರಿ, ಹಾಳೆ ಹರಿಯಬೇಡಿ. ತಪ್ಪಿದ್ದನ್ನು ಓದಲು ಬರುವಂತೆ ಒಂದೇ ಗೆರೆ ಹೊಡೆದು ಪಕ್ಕದಲ್ಲಿ ತಾರೀಕು ಹಾಕಿ. ನಾನು ಹೊಡೆದುಹಾಕಿದ ಆ ನೇಪಿಯರ್ ಹುಲ್ಲಿನ ಏಳು ಸಾಲುಗಳು ನನ್ನ ಹಳೆಯ ನೋಟ್‌ಬುಕ್ಕಿನಲ್ಲಿ ಈಗಲೂ ಓದಲು ಬರುತ್ತವೆ. ಪಕ್ಕದಲ್ಲಿ ಕನ್ನಡದಲ್ಲೇ ಬರೆದಿದೆ: ‘ಹುಲ್ಲು ಬಸ್ಸಿನಲ್ಲಿ ಬಾಡಿತು. ನಾಳೆಯಿಂದ ತಕ್ಕಡಿ ಹೊಲಕ್ಕೆ.’